ನೋ-ಡೀಲ್ ಬ್ರೆಕ್ಸಿಟ್: ಯಾರೂ ಆರಿಸದಿದ್ದರೂ ಬಂದುಬಿಡಬಹುದಾಗಿದ್ದ ದಾರಿ

ಅಂದಿನ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತನ್ನು ಐದು ವಾರ ಮುಚ್ಚಿಸಿದ್ದು ಕಾನೂನುಬಾಹಿರ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2019ರ ಸೆಪ್ಟೆಂಬರ್ 24ರಂದು ತೀರ್ಪು ಕೊಟ್ಟಿತು. ಹನ್ನೊಂದೂ ನ್ಯಾಯಮೂರ್ತಿಗಳದ್ದು ಒಂದೇ ಅಭಿಪ್ರಾಯ. ಮರುದಿನವೇ ಸಂಸದರು ಸದನಕ್ಕೆ ಮರಳಿದರು. ಆದರೆ ಗೊಂದಲ ಕರಗಲಿಲ್ಲ, ಹೆಚ್ಚಾಯಿತು. ಒಪ್ಪಂದವಿಲ್ಲದೆ ಐರೋಪ್ಯ ಒಕ್ಕೂಟ ಬಿಡುವುದನ್ನು, ಅಂದರೆ ನೋ-ಡೀಲ್ ಬ್ರೆಕ್ಸಿಟ್ಟನ್ನು, ತಡೆಯಲೆಂದೇ ಮಾಡಿದ ಕಾಯ್ದೆ ಸೆಪ್ಟೆಂಬರ್ 9ರಿಂದ ಜಾರಿಯಲ್ಲಿತ್ತು. ಅದೇ ಹೊತ್ತಿಗೆ ಸರ್ಕಾರ 10 ಕೋಟಿ ಪೌಂಡ್ ವೆಚ್ಚದಲ್ಲಿ ‘ಬ್ರೆಕ್ಸಿಟ್‌ಗೆ ಸಿದ್ಧರಾಗಿ’ ಎಂಬ ಜಾಹೀರಾತು ಪ್ರಚಾರ ನಡೆಸುತ್ತಿತ್ತು. ಏನೇ ಆದರೂ ಅಕ್ಟೋಬರ್ 31ಕ್ಕೆ ಹೊರಬರುವುದು ಖಚಿತ ಎಂದು ಪ್ರಧಾನಿ ಹೇಳುತ್ತಲೇ ಇದ್ದರು. ಮುಂದೆ ಹೇಳುವುದು 2019ರ ಸೆಪ್ಟೆಂಬರ್ ಕೊನೆಯ ಸ್ಥಿತಿ.

ಕಾಯ್ದೆಯೇ ಬೇಡ ಎಂದ ಮೇಲೆ ಸಿದ್ಧತೆ ಯಾಕೆ? ಇಷ್ಟೆಲ್ಲ ಸಿದ್ಧತೆ ನಡೆದಿದೆ ಎಂದರೆ ಭಯ ಯಾಕೆ? ಎರಡಕ್ಕೂ ಉತ್ತರ ಒಂದೇ ಕಡೆ ಇದೆ. ನೋ-ಡೀಲ್ ಎಂಬುದು ಯಾರೋ ಮತ ಹಾಕಿ ಗೆಲ್ಲಿಸಬೇಕಾದ ಆಯ್ಕೆಯಲ್ಲ. ಉಳಿದದ್ದೆಲ್ಲ ಸೋತರೆ ತಾನಾಗಿಯೇ ಬಂದು ಕೂರುವ ಸ್ಥಿತಿ. ಅದಕ್ಕೆ ಬೇಕಾದ ಸಿದ್ಧತೆಯಲ್ಲಿ ಅರ್ಧ ಪಾಲು ಬ್ರಿಟನ್ನಿನ ಕೈಯಲ್ಲೇ ಇರಲಿಲ್ಲ.

ಗಡುವು ಹುಟ್ಟಿದ್ದು ಹೇಗೆ

2016ರ ಜೂನ್ 23ರ ಜನಮತಗಣನೆಯಲ್ಲಿ ಶೇ 51.9ರಷ್ಟು ಮತದಾರರು ಒಕ್ಕೂಟ ಬಿಡಬೇಕೆಂದರು. ಇರಬೇಕೇ ಬಿಡಬೇಕೇ ಎಂಬುದಷ್ಟೇ ಮತಪತ್ರದಲ್ಲಿದ್ದ ಪ್ರಶ್ನೆ. ಬಿಟ್ಟ ಮೇಲೆ ವ್ಯಾಪಾರ ಹೇಗೆ, ಗಡಿ ಹೇಗೆ ಎಂಬುದನ್ನು ಯಾರೂ ಕೇಳಿರಲಿಲ್ಲ. 2019ರ ಜಗಳದ ಬೇರು ಅಲ್ಲಿಯೇ ಇತ್ತು. 2017ರ ಮಾರ್ಚ್ 29ರಂದು ಆಗಿನ ಪ್ರಧಾನಿ ಥೆರೆಸಾ ಮೇ ಲಿಸ್ಬನ್ ಒಪ್ಪಂದದ 50ನೇ ವಿಧಿಯಡಿ ನೋಟಿಸ್ ಕೊಟ್ಟರು. ಆ ವಿಧಿಯ ಪ್ರಕಾರ ಎರಡು ವರ್ಷದೊಳಗೆ ಒಪ್ಪಂದವಾಗಬೇಕು, ಇಲ್ಲವೇ ಆಗಿದ್ದ 28 ಸದಸ್ಯ ದೇಶಗಳೂ ಸೇರಿ ಅವಧಿ ವಿಸ್ತರಿಸಬೇಕು. ಎರಡೂ ಆಗದಿದ್ದರೆ ಸದಸ್ಯತ್ವ ತಾನಾಗಿ ಮುಗಿಯುತ್ತದೆ.

2018ರ ನವೆಂಬರ್ 25ರಂದು ಒಕ್ಕೂಟದ ನಾಯಕರು ಒಪ್ಪಿದ 585 ಪುಟಗಳ ಕರಾರನ್ನು ಹಲವರು ವ್ಯಾಪಾರ ಒಪ್ಪಂದವೆಂದೇ ತಿಳಿದಿದ್ದರು. ಅದು ಹಾಗಲ್ಲ. ಮನೆ ಪಾಲಾಗುವಾಗ ಮೊದಲು ಸಾಲ ಯಾರದು, ಬಾವಿಯ ನೀರು ಯಾರಿಗೆ, ಓಡಾಡುವ ದಾರಿ ಯಾವುದು ಎಂದು ತೀರ್ಮಾನಿಸುತ್ತಾರಲ್ಲ, ಅಂಥ ಪಾಲುಪತ್ರ ಅದು. ಬ್ರಿಟನ್ ಕೊಡಬೇಕಾದ ಬಾಕಿ ಸುಮಾರು 3,900 ಕೋಟಿ ಪೌಂಡ್, ಬ್ರಿಟನ್ನಿನಲ್ಲಿದ್ದ 30 ಲಕ್ಷಕ್ಕೂ ಹೆಚ್ಚು ಐರೋಪ್ಯರ ಮತ್ತು ಆ ಕಡೆ ಇದ್ದ 10 ಲಕ್ಷಕ್ಕೂ ಹೆಚ್ಚು ಬ್ರಿಟಿಷರ ಹಕ್ಕುಗಳು, ಐರ್ಲೆಂಡ್ ಗಡಿ. ಇವು ಮೂರೇ ಅದರ ಹೂರಣ. ಜೊತೆಗೆ 2020ರ ಡಿಸೆಂಬರ್ 31ರವರೆಗೆ ಆಗಿನ ನಿಯಮಗಳೇ ನಡೆಯುವ ಪರಿವರ್ತನಾ ಅವಧಿ. ವ್ಯಾಪಾರದ ಮಾತು ಆ ಅವಧಿಯಲ್ಲಿ ಆಡಬೇಕಾದದ್ದು.

ಬ್ರಿಟಿಷ್ ಸಂಸತ್ತು ಈ ಕರಾರನ್ನು 2019ರಲ್ಲಿ ಮೂರು ಸಲ ತಿರಸ್ಕರಿಸಿತು (ವಿರೋಧ–ಪರ ಮತಗಳು): ಜನವರಿ 15ರಂದು 432–202, ಮಾರ್ಚ್ 12ರಂದು 391–242, ಮಾರ್ಚ್ 29ರಂದು 344–286. ಗಡುವು ಮೊದಲು ಏಪ್ರಿಲ್ 12ಕ್ಕೆ, ನಂತರ ಅಕ್ಟೋಬರ್ 31ಕ್ಕೆ ಮುಂದೆ ಹೋಯಿತು. ಥೆರೆಸಾ ಮೇ ರಾಜೀನಾಮೆ ಕೊಟ್ಟರು, ಜುಲೈ 24ರಂದು ಜಾನ್ಸನ್ ಬಂದರು.

ಎಲ್ಲವೂ ಸಿಕ್ಕಿಬಿದ್ದಿದ್ದು ಒಂದು ಗಡಿಯಲ್ಲಿ

ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡ್ ಮತ್ತು ಒಕ್ಕೂಟದ ಸದಸ್ಯನಾದ ಐರ್ಲೆಂಡ್ ಗಣರಾಜ್ಯದ ನಡುವಿನ ಗಡಿ ಸುಮಾರು 500 ಕಿ.ಮೀ. ಉದ್ದದ್ದು. 200ಕ್ಕೂ ಹೆಚ್ಚು ರಸ್ತೆಗಳು ಅದನ್ನು ದಾಟುತ್ತವೆ. ಸುಮಾರು 3,500 ಜನರ ಜೀವ ತೆಗೆದ ಮೂರು ದಶಕಗಳ ಹಿಂಸಾಚಾರಕ್ಕೆ ತೆರೆ ಎಳೆದದ್ದು 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಒಪ್ಪಂದ. ಸೇನಾ ಕಾವಲು ಠಾಣೆಗಳು ಹೋದವು. ಎರಡೂ ಕಡೆ ಒಂದೇ ಮಾರುಕಟ್ಟೆ ಇದ್ದುದರಿಂದ ಕಸ್ಟಮ್ಸ್ ಕಟ್ಟೆಗಳೂ ಬೇಕಿರಲಿಲ್ಲ. ಇವತ್ತು ಅಲ್ಲಿ ದೇಶ ಬದಲಾದದ್ದು ಗೊತ್ತಾಗುವುದು ವೇಗಮಿತಿಯ ಫಲಕ ಮೈಲಿಯಿಂದ ಕಿಲೋಮೀಟರಿಗೆ ತಿರುಗಿದಾಗ ಮಾತ್ರ.

ಹಾಲಿನ ಉದಾಹರಣೆ ನೋಡಿ. ಉತ್ತರದ ಹಸುಗಳ ಹಾಲಿನಲ್ಲಿ ಸುಮಾರು ಮೂರನೇ ಒಂದು ಪಾಲು ಟ್ಯಾಂಕರುಗಳಲ್ಲಿ ದಕ್ಷಿಣಕ್ಕೆ ಹೋಗಿ ಅಲ್ಲಿ ಬೆಣ್ಣೆ, ಹಾಲಿನ ಪುಡಿ ಆಗುತ್ತದೆ. ನೋ-ಡೀಲ್ ಆದರೆ ಆ ಟ್ಯಾಂಕರು ‘ಮೂರನೇ ದೇಶ’ದ, ಅಂದರೆ ಒಕ್ಕೂಟದ ಹೊರಗಿನ ದೇಶದ, ಸರಕಾಗುತ್ತದೆ. ಒಕ್ಕೂಟದ ಅನುಮೋದಿತ ದೇಶಗಳ ಪಟ್ಟಿಯಲ್ಲಿ ಬ್ರಿಟನ್ ಹೆಸರಿರಬೇಕು, ಪ್ರತಿ ಟ್ಯಾಂಕರಿಗೂ ಪಶುವೈದ್ಯರ ಪ್ರಮಾಣಪತ್ರ ಬೇಕು, ಸುಂಕ ಕಟ್ಟಬೇಕು. ಎರಡೂ ಕಡೆಯ ಹಾಲು ಬೆರೆತ ಮೇಲೆ ಬೇರ್ಪಡಿಸಲು ಬರುವುದಿಲ್ಲ. ಕರೆಯುವ ಹಸು ಗಡುವಿಗಾಗಿ ಕಾಯುವುದೂ ಇಲ್ಲ.

ಇದಕ್ಕೆಂದು ಕರಾರಿನಲ್ಲಿ ಸೇರಿಸಿದ ವಿಮೆಯ ಹೆಸರೇ ‘ಬ್ಯಾಕ್‌ಸ್ಟಾಪ್’: ಬೇರೆ ಪರಿಹಾರ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದೊಡನೆ ಒಂದೇ ಸುಂಕ ವ್ಯವಸ್ಥೆಯಲ್ಲಿ ಇರುವುದು, ಉತ್ತರ ಐರ್ಲೆಂಡ್ ಇನ್ನೂ ಕೆಲವು ನಿಯಮಗಳನ್ನು ಹೆಚ್ಚಾಗಿ ಪಾಲಿಸುವುದು. ಒಮ್ಮೆ ಒಳಹೊಕ್ಕರೆ ತನ್ನಿಷ್ಟಕ್ಕೆ ಹೊರಬರಲಾಗದು ಎಂಬುದು ಬ್ರೆಕ್ಸಿಟ್ ಪರ ಸಂಸದರ ತಕರಾರಾಗಿತ್ತು, ಅದು ಸುಳ್ಳಲ್ಲ. ಯಾವಾಗ ಬೇಕಾದರೂ ರದ್ದು ಮಾಡಬಹುದಾದರೆ ಅದನ್ನು ವಿಮೆ ಎನ್ನುವುದು ಹೇಗೆ ಎಂದು ಐರ್ಲೆಂಡ್ ಸರ್ಕಾರ ಕೇಳುತ್ತಿತ್ತು. ಅದೂ ಸರಿಯೇ. ಹಾಗಾಗಿಯೇ ಈ ಗಂಟು ಬಿಡಿಸಲು ಅಷ್ಟು ಕಷ್ಟವಾಗಿತ್ತು.

ದಾರಿಗಳು ಎಷ್ಟು, ಯಾವುದು ಎಲ್ಲಿಗೆ ಹೋಗುತ್ತದೆ

2019ರ ಮಾರ್ಚ್ 27ರಂದು ಸಂಸದರು ಎಂಟು ಆಯ್ಕೆಗಳನ್ನು ಮತಕ್ಕೆ ಹಾಕಿದರು. ಒಂದಕ್ಕೂ ಬಹುಮತ ಬರಲಿಲ್ಲ. ಏಪ್ರಿಲ್ 1ರಂದು ನಾಲ್ಕನ್ನು ಮತ್ತೆ ನೋಡಿದಾಗ ಸುಂಕ ಒಕ್ಕೂಟದ (ಒಳಗೆ ಸುಂಕವಿಲ್ಲ, ಹೊರಗಿನವರಿಗೆ ಎಲ್ಲರದೂ ಒಂದೇ ಸುಂಕ) ಪ್ರಸ್ತಾವ 273–276ರಲ್ಲಿ, ಬರೀ ಮೂರು ಮತದಿಂದ ಬಿತ್ತು. ಯಾವುದೇ ಒಪ್ಪಂದವನ್ನು ಜನರ ಮುಂದಿಡಬೇಕೆಂಬ ಪ್ರಸ್ತಾವ 280–292ರಲ್ಲಿ ಸೋತಿತು.

ಪ್ರತಿ ದಾರಿಯನ್ನೂ ಒಂದೇ ಪ್ರಶ್ನೆಯಿಂದ ತೂಗಬಹುದು: ಗಡಿಯಲ್ಲಿ ಲಾರಿ ನಿಲ್ಲಬೇಕಾಗುತ್ತದೆಯೇ? ನಾರ್ವೆಯ ಹಾಗೆ ಏಕ ಮಾರುಕಟ್ಟೆಯಲ್ಲಿ, ಅಂದರೆ ಎಲ್ಲರಿಗೂ ಒಂದೇ ಗುಣಮಟ್ಟದ ನಿಯಮವಿರುವ ಕೂಟದಲ್ಲಿ, ಉಳಿದರೆ ಗುಣಮಟ್ಟದ ತಪಾಸಣೆ ಇಲ್ಲ, ಆದರೆ ಸುಂಕ ಒಕ್ಕೂಟದ ಹೊರಗಿರುವ ಕಾರಣ ನಾರ್ವೆ–ಸ್ವೀಡನ್ ಗಡಿಯ ಸ್ವಿನೆಸುಂಡ್‌ನಲ್ಲಿ ಇವತ್ತಿಗೂ ಕಸ್ಟಮ್ಸ್ ಕಚೇರಿ ಇದೆ. ಮೇಲಾಗಿ ಜನರ ಮುಕ್ತ ಸಂಚಾರ ಒಪ್ಪಬೇಕು, ಹಣ ಕೊಡಬೇಕು, ನಿಯಮ ಮಾಡುವ ಕಡೆ ಮತವಿರುವುದಿಲ್ಲ. ಟರ್ಕಿಯ ಹಾಗೆ ಸುಂಕ ಒಕ್ಕೂಟ ಮಾತ್ರ ಇಟ್ಟುಕೊಂಡರೆ ಸುಂಕ ತಪ್ಪುತ್ತದೆ, ಕಾಗದಪತ್ರ ತಪ್ಪುವುದಿಲ್ಲ. ಬಲ್ಗೇರಿಯಾ ಗಡಿಯಲ್ಲಿ ಟರ್ಕಿಯ ಲಾರಿಗಳು ಸಾಲುಗಟ್ಟುತ್ತವೆ. ಕೆನಡಾ ಮಾದರಿಯ ಮುಕ್ತ ವ್ಯಾಪಾರ ಒಪ್ಪಂದ ಜಾನ್ಸನ್ ಅವರಿಗೆ ಇಷ್ಟವಾಗಿತ್ತು. ಅದರಲ್ಲಿ ಹೆಚ್ಚಿನ ಸುಂಕಗಳು ಹೋಗುತ್ತವೆ, ಸ್ವಂತ ನಿಯಮ ಮಾಡುವ ಸ್ವಾತಂತ್ರ್ಯ ಸಿಗುತ್ತದೆ, ಆದರೆ ತಪಾಸಣೆ ಉಳಿಯುತ್ತದೆ. ಎಂದರೆ ಐರ್ಲೆಂಡ್ ಪ್ರಶ್ನೆ ಇದ್ದಲ್ಲೇ ಇರುತ್ತದೆ.

ಲೇಬರ್ ಪಕ್ಷ ಆ ವಾರ ಬ್ರೈಟನ್ ಸಮಾವೇಶದಲ್ಲಿ ಹಿಡಿದ ನಿಲುವು: ಹೊಸ ಒಪ್ಪಂದ ಮಾಡಿ, ಅದನ್ನೂ ಒಕ್ಕೂಟದಲ್ಲಿ ಉಳಿಯುವುದನ್ನೂ ಜನರ ಮುಂದಿಡುವುದು. ಲಿಬರಲ್ ಡೆಮಾಕ್ರಟರು ಅಧಿಕಾರಕ್ಕೆ ಬಂದರೆ ನೋಟಿಸನ್ನೇ ವಾಪಸ್ ಪಡೆಯುವುದಾಗಿ ಹೇಳಿದ್ದರು. ಬ್ರಿಟನ್ ಏಕಪಕ್ಷೀಯವಾಗಿ ಹಾಗೆ ಮಾಡಬಹುದು ಎಂದು ಐರೋಪ್ಯ ನ್ಯಾಯಾಲಯ 2018ರ ಡಿಸೆಂಬರ್ 10ರಂದೇ ಹೇಳಿತ್ತು. ಬ್ರೆಕ್ಸಿಟ್ ಪಕ್ಷಕ್ಕೆ ನೋ-ಡೀಲೇ ಶುದ್ಧ ನಿರ್ಗಮನವಾಗಿತ್ತು.

ಬೆನ್ ಕಾಯ್ದೆ ತಡೆಯುವುದೇನು, ತಡೆಯದಿರುವುದೇನು

ಲೇಬರ್ ಸಂಸದ ಹಿಲರಿ ಬೆನ್ ಹೆಸರಿನಲ್ಲಿ ಕರೆಯುವ ಈ ಕಾಯ್ದೆ ಪ್ರಧಾನಿಗೆ ಒಂದು ಪತ್ರ ಬರೆಯುವ ಹೊಣೆ ಹೊರಿಸಿತ್ತು. ಅಕ್ಟೋಬರ್ 19ರೊಳಗೆ ಸಂಸತ್ತು ಒಪ್ಪಂದವೊಂದನ್ನು ಒಪ್ಪಿರಬೇಕು ಅಥವಾ ನೋ-ಡೀಲಿಗೆ ಸಮ್ಮತಿ ಕೊಟ್ಟಿರಬೇಕಿತ್ತು. ಎರಡೂ ಆಗದಿದ್ದರೆ 2020ರ ಜನವರಿ 31ರವರೆಗೆ ಸಮಯ ಕೊಡಿ ಎಂದು ಅವರು ಒಕ್ಕೂಟವನ್ನು ಕೇಳಬೇಕಿತ್ತು. ಪತ್ರದ ಒಕ್ಕಣೆ ಕಾಯ್ದೆಯಲ್ಲೇ ಅಚ್ಚಾಗಿತ್ತು.

ಕಾಯ್ದೆ ಕಟ್ಟಿಹಾಕಿದ್ದು ಬ್ರಿಟಿಷ್ ಪ್ರಧಾನಿಯ ಕೈಯನ್ನು ಮಾತ್ರ. ಸಮಯ ಕೊಡಲು ಉಳಿದ 27 ದೇಶಗಳೂ ಒಮ್ಮತದಿಂದ ಒಪ್ಪಬೇಕಿತ್ತು. ಒಂದು ದೇಶ ಬೇಡವೆಂದು ತಲೆ ಅಲ್ಲಾಡಿಸಿದರೂ ಸಂಸದರ ಮುಂದೆ ಉಳಿಯುತ್ತಿದ್ದುದು ಮೂರೇ: ಇರುವ ಒಪ್ಪಂದ ಒಪ್ಪು, ನೋಟಿಸ್ ವಾಪಸ್ ಪಡೆ, ಇಲ್ಲವೇ ಅಕ್ಟೋಬರ್ 31ರ ರಾತ್ರಿ 11 ಗಂಟೆಗೆ, ನಮ್ಮಲ್ಲಿ ನವೆಂಬರ್ 1ರ ಬೆಳಗಿನ ಜಾವ 4.30ಕ್ಕೆ, ಹೊರಗೆ. ಒಕ್ಕೂಟ ನಿರಾಕರಿಸುವ ಸಾಧ್ಯತೆ ಕಡಿಮೆ ಇತ್ತು, ಏಕೆಂದರೆ ನೋ-ಡೀಲ್ ಹೊಡೆತ ಐರ್ಲೆಂಡಿಗೂ ಬೀಳುತ್ತಿತ್ತು. ಆದರೂ ಸಾಧ್ಯತೆ ಕಡಿಮೆ ಎಂಬ ಭರವಸೆಯ ಮೇಲೆ ಔಷಧ ಕಂಪನಿಯಾಗಲಿ ಬಂದರಾಗಲಿ ವ್ಯವಹಾರ ನಡೆಸಲು ಆಗದು. ಸಿದ್ಧತೆ ನಿಲ್ಲದಿದ್ದುದು ಅದಕ್ಕೇ.

ಡೋವರ್‌ನಲ್ಲಿ ಒಂದು ಲಾರಿ

ಡೋವರ್ ಮತ್ತು ಫ್ರಾನ್ಸಿನ ಕ್ಯಾಲೆ ನಡುವಿನ ಕಡಲು ಸುಮಾರು 33 ಕಿ.ಮೀ., ಫೆರ್ರಿಯಲ್ಲಿ ಒಂದೂವರೆ ಗಂಟೆ. ದಟ್ಟಣೆಯ ದಿನ ಡೋವರ್ ಬಂದರಿನಲ್ಲಿ ಸುಮಾರು 10,000 ಲಾರಿಗಳು ಹಾಯುತ್ತವೆ. ಇಲ್ಲಿ ಕಂಟೇನರ್ ಇಳಿಸಿ ಅಂಗಳದಲ್ಲಿ ಇಡುವ ಪದ್ಧತಿಯಿಲ್ಲ. ಲಾರಿ ಹಡಗಿನಿಂದ ಇಳಿದು ನೇರ ಹೆದ್ದಾರಿಗೆ ಓಡುತ್ತದೆ. ಹಿಂದೆ ಕಡಿದಾದ ಸುಣ್ಣಕಲ್ಲಿನ ಬಂಡೆ, ಮುಂದೆ ಸಮುದ್ರ, ಲಾರಿ ನಿಲ್ಲಿಸಲು ಜಾಗವೇ ಇಲ್ಲ. ಪ್ರತಿ ಲಾರಿಗೆ ಎರಡು ನಿಮಿಷ ಹೆಚ್ಚು ಹಿಡಿದರೂ 17 ಮೈಲಿ, ಅಂದರೆ 27 ಕಿ.ಮೀ. ಸಾಲು ಬೆಳೆಯುತ್ತದೆ ಎಂದು ಬಂದರಿನ ಆಡಳಿತವೇ ಲೆಕ್ಕ ಹಾಕಿದೆ. ಜಿಎಸ್‌ಟಿ ಬರುವ ಮುಂಚೆ ರಾಜ್ಯಗಳ ಗಡಿಯ ತೆರಿಗೆ ಚೆಕ್‌ಪೋಸ್ಟ್‌ಗಳಲ್ಲಿ ಲಾರಿಗಳು ನಿಂತಿದ್ದುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ವೇಲ್ಸ್‌ನ ಕುರಿಮಾಂಸ ಹೊತ್ತ ಒಂದು ಶೀತಲ ಲಾರಿಯನ್ನು ಹಿಂಬಾಲಿಸೋಣ. 2019ರಲ್ಲಿ ಅದಕ್ಕೆ ಮಾಮೂಲಿ ಸರಕುಪಟ್ಟಿ ಸಾಕಾಗಿತ್ತು. ನೋ-ಡೀಲ್ ಮರುದಿನ ಮೊದಲು ಬೇಕಾಗುವುದು ರಫ್ತುದಾರನ ‘ಇಒಆರ್‌ಐ’ ಎಂಬ ಕಸ್ಟಮ್ಸ್ ನೋಂದಣಿ ಸಂಖ್ಯೆ, ಜಿಬಿ ಅಕ್ಷರಗಳ ಮುಂದೆ ಹನ್ನೆರಡು ಅಂಕಿ. ಯುರೋಪಿನೊಡನೆ ಮಾತ್ರ ವ್ಯಾಪಾರ ಮಾಡಿಕೊಂಡು ಬಂದ ಸಾವಿರಾರು ಸಣ್ಣ ಉದ್ಯಮಗಳಿಗೆ ಈ ಸಂಖ್ಯೆ ಬೇಕಾಗಿಯೇ ಇರಲಿಲ್ಲ. ಅರ್ಜಿಗಳು ಬರುವುದು ನಿಧಾನವಾದಾಗ ತೆರಿಗೆ ಇಲಾಖೆ ಆಗಸ್ಟ್‌ನಲ್ಲಿ 88,000 ಕಂಪನಿಗಳಿಗೆ ತಾನಾಗಿಯೇ ಸಂಖ್ಯೆ ಕೊಟ್ಟಿತು. ಆದರೆ ಸಂಖ್ಯೆ ಬಾಗಿಲ ಕೀಲಿ ಮಾತ್ರ. ಸರಕಿನ ಸಂಕೇತ, ಮೌಲ್ಯ, ಮೂಲ ತುಂಬಿದ ರಫ್ತು ಘೋಷಣೆ ಬ್ರಿಟಿಷ್ ಕಡೆ ಬೇಕು. ಆಮದು ಘೋಷಣೆ ಫ್ರೆಂಚ್ ಕಡೆ ಬೇಕು, ಅದಕ್ಕೆ ಅಲ್ಲೊಬ್ಬ ಕಸ್ಟಮ್ಸ್ ಏಜೆಂಟ್ ಬೇಕು. ಮಾಂಸವಾದ್ದರಿಂದ ಅಧಿಕೃತ ಪಶುವೈದ್ಯರು ಸಹಿ ಹಾಕಿದ ಆರೋಗ್ಯ ಪ್ರಮಾಣಪತ್ರ, ಅದು ಫ್ರೆಂಚ್‌ ಭಾಷೆಯಲ್ಲೂ. ಇಂಥ ಪಶುವೈದ್ಯರು ಬೇಕೆಂದ ಕೂಡಲೇ ಸಿಗುವವರಲ್ಲ.

ಮಾಂಸದ ಪೆಟ್ಟಿಗೆಗಳನ್ನು ಜೋಡಿಸಿದ ಮರದ ಪ್ಯಾಲೆಟ್ ಕೂಡ ಈ ಲೆಕ್ಕಕ್ಕೆ ಬರುತ್ತದೆ. ಮರದಲ್ಲಿ ಕೀಟ ಅಡಗಿರಬಾರದೆಂದು ಅದರ ತಿರುಳನ್ನು ಕನಿಷ್ಠ 30 ನಿಮಿಷ 56 ಡಿಗ್ರಿ ಸೆಲ್ಸಿಯಸ್‌ ಶಾಖದಲ್ಲಿಟ್ಟು ಅಂತರರಾಷ್ಟ್ರೀಯ ಮುದ್ರೆ ಒತ್ತಿರಬೇಕು. ಒಕ್ಕೂಟದೊಳಗೆ ಓಡಾಡುವ ಪ್ಯಾಲೆಟ್‌ಗೆ ಈ ನಿಯಮವಿಲ್ಲ, ಹೊರಗಿನಿಂದ ಬರುವುದಕ್ಕೆ ಇದೆ. ಸರಕು ಸರಿಯಿದ್ದು, ಕಾಗದ ಸರಿಯಿದ್ದು, ಕೆಳಗಿನ ಹಲಗೆಗೆ ಮುದ್ರೆ ಇಲ್ಲದ ಕಾರಣಕ್ಕೆ ಲಾರಿಯನ್ನು ತಿರುಗಿಸಬಹುದು.

ಫ್ರೆಂಚರು ತಮ್ಮ ಪಾಲಿನ ಕೆಲಸ ಚೆನ್ನಾಗಿ ಮಾಡಿಕೊಂಡಿದ್ದರು. ಹಡಗು ಹತ್ತುವ ಮೊದಲೇ ಘೋಷಣೆಯ ಬಾರ್‌ಕೋಡ್ ಓದಿ ಲಾರಿಯ ನಂಬರ್ ಪ್ಲೇಟಿಗೆ ಜೋಡಿಸುತ್ತಾರೆ. ಕಡಲು ದಾಟುವ ಒಂದೂವರೆ ಗಂಟೆಯಲ್ಲಿ ಯಾವ ಲಾರಿ ಹಸಿರು ಸಾಲಿಗೆ, ಯಾವುದು ಕಿತ್ತಳೆ ಸಾಲಿಗೆ ಎಂಬುದು ತೀರ್ಮಾನವಾಗುತ್ತದೆ. ಹಸಿರಿನವರು ನಿಲ್ಲದೆ ಹೋಗಬಹುದು. ಆದರೆ ಈ ವ್ಯವಸ್ಥೆ ಓಡುವುದು ಕಾಗದ ಮೊದಲೇ ಸಿದ್ಧವಿದ್ದರೆ ಮಾತ್ರ. ನೂರು ವ್ಯಾಪಾರಿಗಳ ಸಾಮಾನು ತುಂಬಿದ ಪಾರ್ಸೆಲ್ ಲಾರಿಯಲ್ಲಿ ತೊಂಬತ್ತೊಂಬತ್ತು ಜನರ ಕಾಗದ ಸರಿಯಿದ್ದು ಒಬ್ಬನದು ಇಲ್ಲದಿದ್ದರೆ ನಿಲ್ಲುವುದು ಇಡೀ ಲಾರಿ.

ಸರ್ಕಾರ ಸೆಪ್ಟೆಂಬರ್ 11ರಂದು ಸಂಸತ್ತಿನ ಒತ್ತಾಯಕ್ಕೆ ಬಿಡುಗಡೆ ಮಾಡಿದ ‘ಯೆಲ್ಲೋಹ್ಯಾಮರ್’ ಎಂಬ ನೋ-ಡೀಲ್ ಸಿದ್ಧತೆಯ ದಾಖಲೆ ಹೇಳಿದ್ದೂ ಇದನ್ನೇ. ತೀರಾ ಕೆಟ್ಟ, ಆದರೆ ಸಾಧ್ಯವಿರುವ ಅಂದಾಜಿನಲ್ಲಿ ಮೊದಲ ದಿನ ಶೇ 50ರಿಂದ 85ರಷ್ಟು ಲಾರಿಗಳು ಫ್ರೆಂಚ್ ಕಸ್ಟಮ್ಸ್‌ಗೆ ಸಿದ್ಧವಿರಲಾರವು. ಸಂಚಾರ ಆಗಿನ ಶೇ 40ರಿಂದ 60ಕ್ಕೆ ಕುಸಿಯಬಹುದು. ಲಾರಿಗಳು ಒಂದೂವರೆಯಿಂದ ಎರಡೂವರೆ ದಿನ ಕಾಯಬೇಕಾಗಬಹುದು. ಈ ಸ್ಥಿತಿ ಮೂರು ತಿಂಗಳವರೆಗೂ ಎಳೆಯಬಹುದು. ಸಾಲನ್ನು ತಡೆದು ನಿಲ್ಲಿಸಲು ಕೆಂಟ್ ಪ್ರಾಂತ್ಯದ ಎಂ20 ಹೆದ್ದಾರಿಯ ಒಂದು ಬದಿಯನ್ನೂ ಮ್ಯಾನ್‌ಸ್ಟನ್‌ನ ಹಳೆಯ ವಿಮಾನ ನಿಲ್ದಾಣವನ್ನೂ ಬಳಸುವ ಯೋಜನೆ ಇತ್ತು. ಜನವರಿ 7ರಂದು ನಡೆದ ಅಭ್ಯಾಸಕ್ಕೆ ಬಂದ ಲಾರಿಗಳು 89. ಅದರಿಂದ 10,000ದ ಅಂದಾಜು ಕಟ್ಟಲಾಗದು.

ಹೋಗುವ ಲಾರಿ ನಿಂತರೆ ಬರುವ ಲಾರಿಯೂ ನಿಲ್ಲುತ್ತದೆ

‘ನಮಗೆ ಬರುವ ಸರಕನ್ನು ನಾವು ತಡೆಯುವುದಿಲ್ಲ, ಹಾಗಿದ್ದ ಮೇಲೆ ಕೊರತೆ ಹೇಗೆ?’ ಎಂಬುದು ನೋ-ಡೀಲ್ ಪರ ವಾದಿಗಳು ಕೇಳುತ್ತಿದ್ದ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ಬ್ರಿಟನ್ ಆಮದುದಾರರಿಗೆ ಪೂರ್ಣ ಘೋಷಣೆಯನ್ನು ಆಮೇಲೆ ಸಲ್ಲಿಸುವ ಸವಲತ್ತು ಕೊಟ್ಟಿತ್ತು. ಆದರೆ ಈ ಕಡಲುದಾರಿಯ ಬಹುಪಾಲು ಲಾರಿಗಳು ಯುರೋಪಿನ ಕಂಪನಿಗಳವು. ಟೊಮೆಟೊ ಇಳಿಸಿದ ಲಾರಿ ವಾಪಸ್ ಹೋಗುವಾಗ ಕೆಂಟ್‌ನಲ್ಲಿ ಎರಡು ದಿನ ಸಿಕ್ಕಿಬೀಳುವುದಾದರೆ ಮಾಲೀಕ ಮುಂದಿನ ಬಾಡಿಗೆ ಒಪ್ಪುವುದಿಲ್ಲ, ಒಪ್ಪಿದರೂ ದರ ಏರಿಸುತ್ತಾನೆ. ಹೀಗೆ ಕ್ಯಾಲೆಯ ತಪಾಸಣೆ ಬ್ರಿಟನ್ನಿನ ಅಂಗಡಿಯ ಕಪಾಟನ್ನು ತಲುಪುತ್ತದೆ. ಹೊಟ್ಟೆಗಿಲ್ಲದಂಥ ಸ್ಥಿತಿ ಬರುತ್ತದೆಂದು ಯೆಲ್ಲೋಹ್ಯಾಮರ್ ಹೇಳಿಲ್ಲ. ಕೆಲವು ತಾಜಾ ಪದಾರ್ಥಗಳು ಕಡಿಮೆಯಾಗಿ ಬೆಲೆ ಏರುತ್ತದೆ, ಅದರ ಭಾರ ಬಡವರ ಮೇಲೆ ಹೆಚ್ಚು ಬೀಳುತ್ತದೆ ಎಂದಿದೆ. ಮಾರ್ಚ್‌ಗಿಂತ ಅಕ್ಟೋಬರ್ ಅಂತ್ಯ ಕೆಟ್ಟ ಕಾಲ. ಕ್ರಿಸ್‌ಮಸ್ ಸರಕಿನಿಂದ ಗೋದಾಮುಗಳು ತುಂಬಿರುತ್ತವೆ, ತರಕಾರಿಗೆ ಸ್ಪೇನ್ ಮೇಲಿನ ಅವಲಂಬನೆಯೂ ಆಗಲೇ ಏರುತ್ತಿರುತ್ತದೆ.

ಔಷಧಗಳ ಮುಕ್ಕಾಲು ಪಾಲು ಬರುತ್ತಿದ್ದುದು ಇದೇ ಕಿರುದಾರಿಯಲ್ಲಿ. ಆರು ವಾರಗಳ ಹೆಚ್ಚುವರಿ ದಾಸ್ತಾನು ಇಡಲು ಸರ್ಕಾರ ಕಂಪನಿಗಳಿಗೆ ಹೇಳಿತ್ತು. ಮಾತ್ರೆಗಳಿಗೆ ಇದು ನಡೆಯುತ್ತದೆ. ಇನ್ಸುಲಿನ್ನನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕಾದ್ದರಿಂದ ಶೀತಲ ಗೋದಾಮು ಬೇಕು. ಸ್ಕ್ಯಾನಿಂಗ್‌ಗೆ ಬಳಸುವ ಮಾಲಿಬ್ಡಿನಮ್-99 ವಿಕಿರಣ ಧಾತುವನ್ನಂತೂ ದಾಸ್ತಾನು ಮಾಡಲು ಸಾಧ್ಯವೇ ಇಲ್ಲ, ಪ್ರತಿ 66 ಗಂಟೆಗೆ ಅದು ಅರ್ಧದಷ್ಟಾಗುತ್ತದೆ. ಅದನ್ನು ವಿಮಾನದಲ್ಲೇ ತರಬೇಕು. ದಾಸ್ತಾನು ಸಮಯ ಕೊಂಡುಕೊಡುತ್ತದೆ, ದಾರಿ ತೆರೆದುಕೊಡುವುದಿಲ್ಲ. ಮೂರು ತಿಂಗಳ ಅಡಚಣೆಗೆ ಆರು ವಾರದ ದಾಸ್ತಾನು ಎದುರಾದರೆ ಏನಾಗುತ್ತದೆ ಎಂಬುದು ಸರಳ ಲೆಕ್ಕ.

ಕಾರ್ಖಾನೆಗಳಿಗೆ ಆ ಅನುಕೂಲವೂ ಇಲ್ಲ. ಮಿನಿ ಕಾರಿನ ಕ್ರ್ಯಾಂಕ್‌ಶಾಫ್ಟ್ ಎಂಬ ಎಂಜಿನ್ ಭಾಗ ಆಗ ಎರಕವಾಗುತ್ತಿದ್ದುದು ಫ್ರಾನ್ಸಿನಲ್ಲಿ, ನಯಗೊಳ್ಳುವುದು ಬರ್ಮಿಂಗ್‌ಹ್ಯಾಮ್ ಬಳಿ, ಎಂಜಿನ್‌ಗೆ ಸೇರುವುದು ಮ್ಯೂನಿಕ್‌ನಲ್ಲಿ, ಕಾರಿಗೆ ಸೇರುವುದು ಆಕ್ಸ್‌ಫರ್ಡ್‌ನಲ್ಲಿ. ಕಾರಾಗುವ ಮೊದಲೇ ಕಡಲನ್ನು ಮೂರು ಸಲ ದಾಟುತ್ತಿತ್ತು.

‘ಡಬ್ಲ್ಯುಟಿಒ ನಿಯಮದಲ್ಲಿ ವ್ಯಾಪಾರ’ ಎಂದರೆ

ಜಗತ್ತಿನ ಎಷ್ಟೋ ದೇಶಗಳು ವಿಶ್ವ ವ್ಯಾಪಾರ ಸಂಘಟನೆಯ ನಿಯಮದಲ್ಲೇ ವ್ಯಾಪಾರ ಮಾಡುತ್ತವೆ, ಬ್ರಿಟನ್‌ಗೆ ಏನು ಕಷ್ಟ ಎಂಬ ವಾದವಿತ್ತು. ಆ ನಿಯಮದ ತಿರುಳು ಸಮಾನ ವರ್ತನೆ: ವಿಶೇಷ ಒಪ್ಪಂದವಿಲ್ಲದ ದೇಶಗಳಿಗೆಲ್ಲ ಒಂದೇ ಸುಂಕ. ಒಕ್ಕೂಟ ಕಾರಿಗೆ ಶೇ 10, ಕುರಿಮಾಂಸಕ್ಕೆ ಶೇ 40ಕ್ಕೂ ಮಿಗಿಲು ಹಾಕುತ್ತದೆ. ಬ್ರಿಟನ್ ರಫ್ತು ಮಾಡುವ ಕುರಿಮಾಂಸದಲ್ಲಿ ಶೇ 90ಕ್ಕೂ ಹೆಚ್ಚು ಹೋಗುತ್ತಿದ್ದುದು ಅಲ್ಲಿಗೇ. ವೇಲ್ಸ್‌ನ ಗುಡ್ಡದ ಕುರಿಗಾರನಿಗೆ ಇದು ಮಾರುಕಟ್ಟೆ ಮುಚ್ಚಿದಂತೆಯೇ. ಇತ್ತ ಬ್ರಿಟನ್ ಮಾರ್ಚ್‌ನಲ್ಲಿ ಪ್ರಕಟಿಸಿದ ತಾತ್ಕಾಲಿಕ ಪಟ್ಟಿಯಲ್ಲಿ ಆಮದಿನ ಶೇ 87ಕ್ಕೆ ಸುಂಕವಿರಲಿಲ್ಲ. ಬೆಲೆ ಹಿಡಿತದಲ್ಲಿಡಲು ಇದು ನೆರವಾಗುತ್ತದೆ, ಆದರೆ ಎದುರಿನವರು ಸುಂಕ ಇಳಿಸಲು ಕಾರಣವೇ ಉಳಿಯುವುದಿಲ್ಲ.

ಸುಂಕ ಮತ್ತು ವ್ಯಾಪಾರದ ಅಂತರರಾಷ್ಟ್ರೀಯ ಕರಾರಾದ ಗ್ಯಾಟ್ ಒಪ್ಪಂದದ 24ನೇ ವಿಧಿ ಬಳಸಿ ಹತ್ತು ವರ್ಷ ಆಗಿನಂತೆ ಸುಂಕವಿಲ್ಲದೆ ಇರಬಹುದು ಎಂಬ ಮಾತೂ ಕೇಳಿಬಂತು. ಆ ವಿಧಿಗೆ ಎರಡೂ ಕಡೆಯವರ ಒಪ್ಪಿಗೆ ಬೇಕು. ಒಪ್ಪಂದವೇ ಇಲ್ಲದ ಸ್ಥಿತಿಗೆ ಅದು ಅನ್ವಯಿಸದು.

ಸಿದ್ಧತೆ ಪ್ರಯೋಜನವೇ ಇಲ್ಲವೆಂದಲ್ಲ. ಅವ್ಯವಸ್ಥಿತ ನಿರ್ಗಮನದಿಂದ ಆರ್ಥಿಕತೆ ಶೇ 8ರಷ್ಟು ಕುಗ್ಗಬಹುದು ಎಂದಿದ್ದ ಬ್ಯಾಂಕ್ ಆಫ್ ಇಂಗ್ಲೆಂಡ್, ಸಿದ್ಧತೆಗಳನ್ನು ನೋಡಿ 2019ರ ಸೆಪ್ಟೆಂಬರ್ ತಿಂಗಳಲ್ಲಿ ಆ ಅಂದಾಜನ್ನು ಶೇ 5.5ಕ್ಕೆ ಇಳಿಸಿತು. ಆದರೆ ಉಳಿದಿರುವ ಶೇ 5.5 ಸಣ್ಣದಲ್ಲ.

ಜನರಿಗೆ, ನಮ್ಮವರಿಗೆ

ಬ್ರಿಟನ್ನಿನಲ್ಲಿದ್ದ ಐರೋಪ್ಯ ಪ್ರಜೆಗಳು ನೋ-ಡೀಲ್ ಆದರೆ 2020ರ ಡಿಸೆಂಬರ್ 31ರೊಳಗೆ ವಾಸದ ಹಕ್ಕಿಗೆ ಅರ್ಜಿ ಹಾಕಬೇಕಿತ್ತು. ಐದು ವರ್ಷ ನೆಲೆಸಿದವರಿಗೆ ಕಾಯಂ, ಕಡಿಮೆಯಿದ್ದವರಿಗೆ ತಾತ್ಕಾಲಿಕ. ಪೋರ್ಚುಗೀಸ್ ಪಾಸ್‌ಪೋರ್ಟ್ ಹಿಡಿದು ಸ್ವಿಂಡನ್ ಊರಿನಲ್ಲಿ ನೆಲೆಸಿರುವ ನಮ್ಮ ನೆರೆಯ ಗೋವಾದ ಸಾವಿರಾರು ಜನರೂ ಈ ಲೆಕ್ಕದಲ್ಲೇ ಬರುತ್ತಿದ್ದರು. ಭಾರತದ ಪಾಸ್‌ಪೋರ್ಟ್‌ನಲ್ಲಿ ಇರುವ ಕನ್ನಡಿಗರ ವೀಸಾ ಬ್ರಿಟನ್ನಿನ ಸ್ವಂತ ಕಾನೂನಿನದು, ನೋ-ಡೀಲ್ ಅದನ್ನು ಮುಟ್ಟುತ್ತಿರಲಿಲ್ಲ. ಓದು ಮುಗಿಸಿದವರಿಗೆ ಎರಡು ವರ್ಷದ ಕೆಲಸದ ವೀಸಾ ಮತ್ತೆ ಕೊಡುವುದಾಗಿ ಸೆಪ್ಟೆಂಬರ್ 11ರಂದು ಪ್ರಕಟವಾದದ್ದೂ ಬೇರೆಯೇ ವಿಷಯ. ಬ್ರಿಟಿಷ್ ಪಾಸ್‌ಪೋರ್ಟ್ ಇರುವವರು ಯುರೋಪಿಗೆ ಹೊರಡುವ ಮುನ್ನ ಅದರಲ್ಲಿ ಆರು ತಿಂಗಳಾದರೂ ಉಳಿದಿದೆಯೇ ನೋಡಿಕೊಳ್ಳಬೇಕು ಎಂಬುದು 2019ರ ಸಲಹೆ. ಹತ್ತು ವರ್ಷದ ಮೇಲೆ ಸೇರಿಸಿಕೊಟ್ಟ ಹೆಚ್ಚುವರಿ ತಿಂಗಳುಗಳು ಲೆಕ್ಕಕ್ಕೆ ಬರುತ್ತಿರಲಿಲ್ಲ. ಸ್ವಂತ ಕಾರಿನಲ್ಲಿ ಹೋಗುವವರು ವಿಮಾ ಕಂಪನಿಯಿಂದ ಗ್ರೀನ್ ಕಾರ್ಡ್ ಎಂಬ ವಿಮೆಯ ಪುರಾವೆ ಪಡೆಯಬೇಕಿತ್ತು. ಲಂಡನ್ ಕಚೇರಿಯಿಂದ ಯುರೋಪಿನ ಗ್ರಾಹಕರನ್ನು ನೋಡಿಕೊಳ್ಳುವ ಬೆಂಗಳೂರಿನ ಐಟಿ ಕಂಪನಿಗಳು ಅಲ್ಲಿಂದ ಬರುವ ವೈಯಕ್ತಿಕ ದತ್ತಾಂಶಕ್ಕೆ ಪ್ರತ್ಯೇಕ ಕರಾರಿನ ಕಲಮು ಬರೆಸಿಕೊಳ್ಳಬೇಕಾಗುತ್ತಿತ್ತು.

ನವೆಂಬರ್ 1ರ ಬೆಳಿಗ್ಗೆ

ನೋ-ಡೀಲ್ ಆದರೆ ಈ ಜಗಳ ಮುಗಿಯಿತು, ಮುಂದಿನ ಕೆಲಸ ನೋಡೋಣ ಎಂಬ ಭಾವನೆ ಮೂರು ವರ್ಷ ದಣಿದ ಮತದಾರರಲ್ಲಿ ಬಂದಿದ್ದುದು ಸಹಜ. ಅದನ್ನು ಹಗುರವಾಗಿ ನೋಡಬಾರದು. ಆದರೆ ಅತಿ ದೊಡ್ಡ ಮಾರುಕಟ್ಟೆಯೊಡನೆ ಬ್ರಿಟನ್‌ಗೆ ವ್ಯಾಪಾರ ಒಪ್ಪಂದ ಬೇಕೇ ಬೇಕಿತ್ತು. ಆ ಮಾತು ಶುರುವಾಗಬೇಕಾದರೆ ಮೊದಲು ಬಾಕಿ ಹಣ, ಪ್ರಜೆಗಳ ಹಕ್ಕು, ಐರ್ಲೆಂಡ್ ಗಡಿ ತೀರ್ಮಾನವಾಗಲಿ ಎಂದು ಬ್ರಸೆಲ್ಸ್, ಅಂದರೆ ಒಕ್ಕೂಟದ ಆಡಳಿತ, ಸ್ಪಷ್ಟವಾಗಿ ಹೇಳಿತ್ತು. ಅದೇ ಮೂರು ಕಡತಗಳು, ಈ ಸಲ ಪರಿವರ್ತನಾ ಅವಧಿಯಿಲ್ಲದೆ. ಆಮೇಲಿನ ವ್ಯಾಪಾರ ಒಪ್ಪಂದಕ್ಕೆ ಸದಸ್ಯ ದೇಶಗಳ ಸಂಸತ್ತುಗಳ ಮಂಜೂರಾತಿಯೂ ಬೇಕಾಗಬಹುದಿತ್ತು. ಕೆನಡಾ ಜೊತೆಗಿನ ಒಪ್ಪಂದದ ಮಾತುಕತೆ 2009ರಲ್ಲಿ ಶುರುವಾಗಿತ್ತು. 2016ರ ಅಕ್ಟೋಬರ್‌ನಲ್ಲಿ ಸಹಿಯ ಹೊತ್ತಿಗೆ ಬೆಲ್ಜಿಯಂನ ವಲೋನಿಯಾ ಎಂಬ ಒಂದು ಪ್ರಾಂತ್ಯ ಅದನ್ನು ದಿನಗಟ್ಟಲೆ ತಡೆದು ನಿಲ್ಲಿಸಿತು.

ಅಕ್ಟೋಬರ್ 17 ಮತ್ತು 18ರಂದು ಒಕ್ಕೂಟದ ನಾಯಕರ ಶೃಂಗಸಭೆ ಇತ್ತು, 19ಕ್ಕೆ ಬೆನ್ ಕಾಯ್ದೆಯ ಗಡುವು. ಬ್ಯಾಕ್‌ಸ್ಟಾಪ್ ಬದಲಿಗೆ ಏನು ಎಂಬುದನ್ನು ಜಾನ್ಸನ್ ಸರ್ಕಾರ ಕಾನೂನಿನ ಭಾಷೆಯಲ್ಲಿ ಬರೆದು ಮೇಜಿನ ಮೇಲಿಡಲು ಆಗ ಉಳಿದಿದ್ದುದು ಮೂರು ವಾರ.